ದಣಿವಾತು ಅನ್ನಬಾರದ ಹಾದಿ

ನಮ್ಮ ಸೊರಡಿಯ ಹೆಂಗಸರು ವರ್ಷಕ್ಕೊಮ್ಮೆ ಅಮವಾಸ್ಯೆಗೆ ಗುಡ್ಡಾಪುರದ ದಾನಮ್ಮನ ಗುಡಿಗೆ ನಡೆದು ಹೋಗುತ್ತಾರೆ. ಆ ಹಾದಿಯಲ್ಲಿ ನಮ್ಮದೊಂದು ಕಟ್ಟಳೆ ಇದೆ. ‘ದಣಿವಾತು’ ಅನ್ನಬಾರದು. ‘ಇನ್ನ ಎಷ್ಟ ದೂರ’ ಅಂತಲೂ ಕೇಳಬಾರದು. ಹಾಗೇನಾದರೂ ಅಂದರೆ ಅಲ್ಲಿತನಕ ನಡೆದದ್ದು ನೀರಲ್ಲಿ ಹೋಮ ಮಾಡಿದಂತೆ. ಹಾಗಂತ ಕಾಲು ಕೇಳುತ್ತವೆಯೇ? ಅದಕ್ಕೂ ಒಂದು ದಾರಿ ಮಾಡಿಕೊಂಡಿದ್ದಾರೆ. ದಣಿದವಳು ಎಲ್ಲರಿಗಿಂತ ಮುಂದೆ ನಡೆಯುವವಳಿಗೆ, “ಅಡಿಕಿ ಹಾಕ್ಕೊಳ್ಳೂಣೇನ್ರಿ?” ಅನ್ನಬೇಕು. ಅವಳು ನಿಂತು ಸೊಂಟದ ಸಂಚಿ ಬಿಚ್ಚಿದರೆ ಎಲ್ಲರೂ ಕೂಡುತ್ತಾರೆ. “ಮುಂದ ಹಾಕ್ಕೊಳ್ಳೂಣು” ಅಂದರೆ ಸುಮ್ಮನೆ ನಡೆಯಬೇಕು. ದಣಿವು ಯಾರದೆಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಎಲ್ಲರಿಗೂ ಗೊತ್ತಿರುತ್ತದೆ.

ನಾನು ಮದುವೆಯಾಗಿ ಬಂದಾಗಿನಿಂದ ಆ ಮುಂದಿನವಳು ನನ್ನ ನೆಗೆಣ್ಣಿ, ಅಂದರೆ ಗಂಡನ ಅಣ್ಣನ ಹೆಂಡತಿ. ಯಳವಿ ಊರಿನ ಮಗಳು. ನಾನು ಅಕ್ಕ ಅನ್ನುತ್ತೇನೆ. ಮೂವತ್ತು ವರ್ಷ ಒಂದೇ ಒಲೆಯ ಮುಂದೆ ಕೂತು ರೊಟ್ಟಿ ಬಡಿದಿದ್ದೇವೆ. ನಾನು ಕನ್ನಡ ಸಾಲೆಯ ಶಿಕ್ಷಕಿ. ಸಾಲೆ ಮುಗಿಸಿ ಬಂದು ಸೆರಗು ಬಿಗಿದರೆ ಮಲಗುವತನಕ ಮನೆಗೆಲಸ. ಅಕ್ಕ ನನಗಿಂತ ಮೊದಲು ಏಳುತ್ತಿದ್ದರು, ಹೀಗಾಗಿ ನಾನು ಎಷ್ಟು ಲಗು ಎದ್ದರೂ ತಡವೇ. ಗುಡ್ಡಾಪುರದ ಹಾದಿಯಲ್ಲೂ ಹಾಗೇ. ಮಗಳು ಹುಟ್ಟಿದ ವರ್ಷ, ಬಾಣಂತನ ಮುಗಿದು ಇನ್ನೂ ಸೊಂಟಕ್ಕೆ ಬಲ ಬಂದಿರಲಿಲ್ಲ, ಮೂರು ಸಲ ಅಡಿಕೆ ಕೇಳಿದೆ. ಮೂರು ಸಲವೂ ಅಕ್ಕ ತಿರುಗಿ ನೋಡದೆ “ಮುಂದ ಹಾಕ್ಕೊಳ್ಳೂಣು” ಅಂದರು. ಆ ಮಗಳು ಈಗ ಸಾಂಗ್ಲಿಯಲ್ಲಿ ಬ್ಯಾಂಕಿನ ಕೆಲಸದಲ್ಲಿದ್ದಾಳೆ. ಅಷ್ಟು ವರ್ಷವಾದರೂ ನಾನು ಅದನ್ನು ಮರೆತಿರಲಿಲ್ಲ.

ಭಾವನವರು ತೀರಿಕೊಂಡ ಮೇಲೆ ಅಕ್ಕನಿಗೆ ಒಂದೇ ಗುಂಗು ಹಿಡಿಯಿತು. ಹಿಮವನ್ನು ಕೈಯಲ್ಲಿ ಮುಟ್ಟಬೇಕು. “ಶಿವ ಇರೂ ಜಾಗಾ. ಒಮ್ಮಿ ಕೈಲೆ ಮುಟ್ಟಿ ಬಂದ್ನೆಂದ್ರ ಸಾಕು, ಮತ್ತೇನ ಬೇಡೂದಿಲ್ಲ,” ಅನ್ನುತ್ತಿದ್ದರು. ನನ್ನ ಮಗಳು ಎಲ್ಲಿಂದಲೋ ಒಂದು ಮರಾಠಿ ಜಾಹೀರಾತು ಹುಡುಕಿದಳು. ಹಿಮಾಚಲದ ಒಂದು ಕಣಿವೆಯಲ್ಲಿ ಐದು ದಿನದ ನಡಿಗೆ, ಯಾವ ವಯಸ್ಸಿನವರಿಗೂ ಎಂಥ ಕಾಲಿನವರಿಗೂ ಆಗುವಂಥದ್ದು ಎಂದು ಅದರಲ್ಲಿತ್ತು. ನಾನು ಆಗಷ್ಟೇ ನೌಕರಿಯಿಂದ ನಿವೃತ್ತಳಾಗಿದ್ದೆ. ನನಗೆ ಹಿಮ ಬೇಕಿರಲಿಲ್ಲ, ನಿದ್ದೆ ಬೇಕಿತ್ತು. ಆದರೆ ಅಕ್ಕನ ಜೋಡಿ ಹೆಂಗಸೊಬ್ಬಳು ಬೇಕಲ್ಲ, ಮನೆಯವರೆಲ್ಲ ನನ್ನ ಕಡೆ ನೋಡಿದರು. ನಮ್ಮ ಮನೆಯಲ್ಲಿ ಎಲ್ಲರೂ ಒಮ್ಮೆಲೇ ಒಬ್ಬಳ ಕಡೆ ನೋಡಿದರೆ ಠರಾವು ಪಾಸಾಯಿತು ಎಂದೇ ಅರ್ಥ.

ಹೋಗುವ ಮೊದಲು ಅವರು ಕಳಿಸಿದ ಅರ್ಜಿ ತುಂಬಬೇಕಿತ್ತು. ದಿನಕ್ಕೆ ಎಷ್ಟು ನಡೆಯಬಲ್ಲಿರಿ ಎಂದು ಅದರಲ್ಲಿ ಕೇಳಿದ್ದರು.

“ಸೊರಡಿಯಿಂದ ಗುಡ್ಡಾಪುರಕ್ಕ ನಡಕೋತ ಹೋಗ್ತೀವಿ ಅಂತ ಬರಿ,” ಅಂದರು ಅಕ್ಕ.

“ಈಗ ವಡಾಪ್ ಜೀಪಿನ್ಯಾಗ ಹೋಗ್ತೀವಲ್ರಿ ಅಕ್ಕಾ.” ಅದು ನಿಜವೇ. ನಾಲ್ಕಾರು ವರ್ಷದಿಂದ ನಾವಿಬ್ಬರೂ ಜನ ತುಂಬಿಕೊಂಡು ಹೋಗುವ ಆ ಜೀಪಿನಲ್ಲೇ ಒತ್ತಿಕೊಂಡು ಕೂತು ಹೋಗಿ ಬರುತ್ತಿದ್ದೆವು.

“ಹರಕಿ ಹೊತ್ತ ನಡದದ್ದು ಸುಳ್ಳೇನ? ಬರಿ ನೀ.”

ಬರೆದೆ. ಮೊಣಕಾಲು ನೋವು ಇದೆಯೇ ಎಂಬುದಕ್ಕೆ ಇಬ್ಬರದೂ ‘ಇಲ್ಲ’ ಎಂದು ಬರೆದೆ. ಬರೆಯುವಾಗ ಮನೆಯೆಲ್ಲ ನಮ್ಮಿಬ್ಬರ ಮೊಣಕಾಲಿಗೆ ಹಚ್ಚಿದ ಎಣ್ಣೆಯ ವಾಸನೆ ಹೊಡೆಯುತ್ತಿತ್ತು.

ರೈಲು, ಬಸ್ಸು, ಮತ್ತೆ ಒಂದು ಸಣ್ಣ ಬಸ್ಸು. ಕಣಿವೆಗೆ ತಲುಪುವ ಹೊತ್ತಿಗೆ ನನ್ನ ಕಾಲು ಬಾತು ಬೂಟಿನಿಂದ ಹೊರಗೆ ಬರಲೊಲ್ಲವು. ಜನ್ಮದಲ್ಲಿ ಮೊದಲ ಸಲ ಬೂಟು ಹಾಕಿಕೊಂಡಿದ್ದೆ, ಅದೂ ಸೀರೆಯ ಕೆಳಗೆ. ಎರಡೂ ಕಡೆ ದೇವದಾರು ಮರದ ಗುಡ್ಡ, ನಡುವೆ ಹಾಲಿನ ಬಣ್ಣದ ಹೊಳೆ, ಹೊಳೆಯ ಪಕ್ಕದಲ್ಲಿ ನಾವು ಇಳಿದುಕೊಂಡ ಕಟ್ಟಿಗೆಯ ಮನೆ. ಚೆಂದವೇ ಇತ್ತು. ದಣಿದ ಕಣ್ಣಿಗೆ ಚೆಂದವೂ ಒಂದು ಕೆಲಸ, ಎಲ್ಲರ ಜೋಡಿ ನಿಂತು ನೋಡಿ ಆಹಾ ಅನ್ನಬೇಕು.

ನಮ್ಮನ್ನು ಕರೆದೊಯ್ಯುವವಳು ಆ ಊರಿನದೇ ಹುಡುಗಿ, ಇಪ್ಪತ್ತೈದರ ಆಸುಪಾಸು. ಅವಳು ಮೂರು ಬಣ್ಣದ ಪಟ್ಟಿ ತಂದು ಎಲ್ಲರ ಕೈಗೆ ಕಟ್ಟಿದಳು. ಹಸಿರು ಪಟ್ಟಿಯವರು ಹೊಳೆಯ ದಂಡೆಗುಂಟ ಸಾವಕಾಶ ನಡೆದು ಅಲ್ಲಿನ ಬೆಂಚಿನ ಮೇಲೆ ಕೂತು ಬರಬೇಕು. ಹಳದಿಯವರು ಮೇಲಿನ ಸೇತುವೆತನಕ. ಕೆಂಪು ಪಟ್ಟಿಯವರು ಕಣಿವೆಯ ತುದಿಗೆ, ಬೇಸಿಗೆಯಲ್ಲೂ ಹಿಮ ಕರಗದ ಜಾಗಕ್ಕೆ. ನಮ್ಮ ಗುಡ್ಡಾಪುರ ನಮಗೆ ಕೆಂಪು ಪಟ್ಟಿ ಕೊಡಿಸಿತ್ತು. ಉಳಿದ ಕೆಂಪಿನವರೆಲ್ಲ ನನ್ನ ಮಗಳ ವಯಸ್ಸಿನವರು.

ದಣಿವಾದರೆ ನಾಚಿಕೊಳ್ಳದೆ ಹೇಳಿ, ಪಟ್ಟಿ ಬದಲಿಸುತ್ತೇನೆ, ಇಲ್ಲಿ ಯಾವ ಬಣ್ಣವೂ ಮೇಲಲ್ಲ ಕೆಳಗಲ್ಲ ಎಂದು ಹುಡುಗಿ ಹಿಂದಿಯಲ್ಲಿ ಮೊದಲ ದಿನವೇ ಹೇಳಿದಳು. ಆ ಸಂಜೆಯೇ ನಾಗಪುರದ ಒಬ್ಬ ಹಿರಿಯರು ಎದ್ದು ಹೋಗಿ, ತನ್ನಿಂದ ಆಗುವುದಿಲ್ಲಮ್ಮ ಎಂದು ಹೇಳಿ ಹಸಿರು ಪಟ್ಟಿ ಕಟ್ಟಿಸಿಕೊಂಡು ಬಂದು ಎರಡು ಚಪಾತಿ ಹೆಚ್ಚಿಗೆ ಉಂಡರು. ಅಕ್ಕ ಅವರನ್ನೇ ನೋಡುತ್ತಿದ್ದರು.

“ಎಷ್ಟ ಸರಳ ಹೇಳಿಬಿಟ್ಟ ನೋಡು,” ಅಂದರು. ಅದು ಹಂಗಿಸಿದ್ದೋ ಹೊಟ್ಟೆಕಿಚ್ಚೋ ನನಗೆ ಗೊತ್ತಾಗಲಿಲ್ಲ. ನನಗಂತೂ ಹೊಟ್ಟೆಕಿಚ್ಚೇ ಆಗಿತ್ತು.

ಎರಡು ದಿನ ಅಲ್ಲೇ ಸುತ್ತಮುತ್ತ ನಡೆಸಿ ಮೂರನೆಯ ದಿನ ಬೆಳಿಗ್ಗೆ ನಮ್ಮನ್ನು ಹಿಮದ ಕಡೆ ಹೊರಡಿಸಿದರು. ಹುಡುಗಿ ಆಗಾಗ ನಿಂತು ನಮ್ಮ ಬೆರಳಿಗೆ ಒಂದು ಸಣ್ಣ ಚಿಮಟದಂಥ ಯಂತ್ರ ಸಿಕ್ಕಿಸಿ ಆಮ್ಲಜನಕದ ಅಂಕಿ ನೋಡುತ್ತಿದ್ದಳು. “ಥಕ್ ಗಯೀ, ಮಾತಾಜೀ?”, ದಣಿವಾಯಿತೇ ಅಮ್ಮಾ ಎಂದು ಕೇಳುತ್ತಿದ್ದಳು. “ನಹೀ, ನಹೀ,” ಅನ್ನುತ್ತಿದ್ದರು ಅಕ್ಕ. ನಾನೂ ನಹೀ ಅಂದೆ. ಪಾಪ, ಹೇಳಿದ್ದನ್ನು ನಂಬುವ ಹುಡುಗಿ ಅದು. ನಮ್ಮ ಹಾದಿಯ ಕಟ್ಟಳೆ ಅವಳಿಗೇನು ಗೊತ್ತು?

ಸೇತುವೆ ದಾಟಿದ ಮೇಲೆ ಏರು ಶುರುವಾಯಿತು. ಹಾದಿ ಒಬ್ಬರ ಹಿಂದೆ ಒಬ್ಬರು ಹೋಗುವಷ್ಟೇ ಅಗಲ. ಹರೆಯದವರು ಹುಡುಗಿಯ ಜೋಡಿ ಮುಂದೆ ಹೋದರು. ಅವರ ಹಿಂದೆ ನಾನು, ನನ್ನ ಹಿಂದೆ ಅಕ್ಕ. ಅಕ್ಕನಿಗಿಂತ ಮುಂದೆ ನಾನು ನಡೆದದ್ದು ಅದೇ ಮೊದಲು. ಎಷ್ಟು ಉಸಿರೆಳೆದರೂ ಎದೆ ತುಂಬುತ್ತಿರಲಿಲ್ಲ. ಹತ್ತು ಹೆಜ್ಜೆಗೊಮ್ಮೆ ಮೊಣಕಾಲು ಚಳಕು ಹೊಡೆಯುತ್ತಿತ್ತು. ಆಗ ಹಿಂದಿನಿಂದ ಅಕ್ಕನ ದನಿ ಬಂತು.

“ಏನ್ರೀ ಬಾಯಾರ, ಅಡಿಕಿ ಹಾಕ್ಕೊಳ್ಳೂಣೇನು?”

ಸಾಲೆಯ ಶಿಕ್ಷಕಿಯನ್ನು ನಮ್ಮ ಕಡೆ ಬಾಯಾರ ಅನ್ನುತ್ತಾರೆ, ಅಕ್ಕ ಚೇಷ್ಟೆಗೆ ಹಾಗೆ ಕರೆಯುತ್ತಿದ್ದರು. ಅವರಿಗೆ ದಣಿವಾಗಿದೆ ಎಂದು ನನಗೆ ಆ ಕ್ಷಣವೇ ತಿಳಿಯಿತು. ನನಗೂ ಕೂಡಬೇಕಾಗಿತ್ತು. ಕೂತುಬಿಟ್ಟಿದ್ದರೆ ಎಲ್ಲ ಸರಿಹೋಗುತ್ತಿತ್ತು. ಆದರೆ ನನ್ನ ಬಾಯಿ ತಾನೇ ತಾನಾಗಿ ಹೇಳಿತು, “ಮುಂದ ಹಾಕ್ಕೊಳ್ಳೂಣು, ಬರ್ರಿ.”

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನುತ್ತಾರೆ. ನೆಗೆಣ್ಣಿಯರಿಗೂ ಒಂದು ಕಾಲ ಬರುತ್ತದೆ. ಹಾಗೆ ಅಂದಾಗ ನನಗೆ ಖುಷಿಯಾಯಿತು, ಸುಳ್ಳು ಹೇಳುವುದಿಲ್ಲ. ಸ್ವಲ್ಪ ಹೊತ್ತಿಗೆ ಅಕ್ಕ ಎರಡನೆಯ ಸಲ ಕೇಳಿದರು. ಆಗಲೂ ಅದನ್ನೇ ಹೇಳಿದೆ. ಮೂರನೆಯ ಸಲ ಕೇಳುವಾಗ ‘ಬಾಯಾರ’ ಇರಲಿಲ್ಲ, ‘ಅಡಿಕಿ’ ಎಂಬುದೊಂದೇ ಮಾತು. ನಾನು ತಿರುಗಿ ಕೂಡ ನೋಡಲಿಲ್ಲ. ಬಾಣಂತಿಯಾಗಿ ನಾನು ನಡೆದ ಗುಡ್ಡಾಪುರದ ಹಾದಿ ನನ್ನ ಕಣ್ಣ ಮುಂದಿತ್ತು.

ನಾಲ್ಕನೆಯ ಸಲ ದನಿ ಬರಲಿಲ್ಲ. ತಿರುಗಿ ನೋಡಿದರೆ ಅಕ್ಕ ಬಹಳ ಕೆಳಗೆ, ಹಾದಿಯ ನಡುವೆ ಎರಡೂ ಕೈ ನೆಲಕ್ಕೆ ಊರಿ ಕೂತಿದ್ದರು. ತುಟಿ ನೇರಳೆಯಾಗಿತ್ತು. ನಾನು ಕೂಗಿದೆ. ಹುಡುಗಿ ಓಡಿ ಬಂದು ಬೆರಳಿಗೆ ಯಂತ್ರ ಹಾಕಿ ಅಂಕಿ ನೋಡಿದಳು, ಮುಖ ಬಿಳಿಚಿಕೊಂಡಿತು. ಡಬ್ಬಿಯ ಗಾಳಿ ಮೂಗಿಗೆ ಹಿಡಿದು, ಕುದುರೆಯವನನ್ನು ಕರೆಸಿ ಕೆಳಗೆ ಇಳಿಸಲು ನಿಂತಳು. ಹಿಮ ಅಲ್ಲಿಂದ ಕಾಣುತ್ತಿತ್ತು, ಇನ್ನೊಂದೇ ಏರು. ಕುದುರೆ ಹತ್ತಿಸುವಾಗ ಅಕ್ಕ ಅದನ್ನು ಒಮ್ಮೆ ನೋಡಿ ಕಣ್ಣು ಮುಚ್ಚಿದರು. ಏನಾದರೂ ಹೆಚ್ಚುಕಡಿಮೆಯಾದರೆ ಕೊಂದವಳು ನಾನೇ ಎಂದುಕೊಂಡು ಇಡೀ ಇಳಿಜಾರು ಕುದುರೆಯ ಬಾಲ ನೋಡುತ್ತ ನಡೆದೆ.

ಹಾಗೇನೂ ಆಗಲಿಲ್ಲ. ಕೆಳಗಿಳಿದಂತೆ ಬಣ್ಣ ತಿರುಗಿತು. ಡಾಕ್ಟರು ಬಂದು ನೋಡಿ, ಇನ್ನು ಮೇಲೆ ಹತ್ತುವ ಹಾಗೇ ಇಲ್ಲ ಎಂದು ಕಡ್ಡಿ ಮುರಿದಂತೆ ಹೇಳಿ ಹೋದರು. ಮರುದಿನ ಮಧ್ಯಾಹ್ನ ನಾವಿಬ್ಬರೂ ಹಸಿರು ಪಟ್ಟಿ ಕಟ್ಟಿಕೊಂಡು ಹೊಳೆಯ ದಂಡೆಗುಂಟ ಹೊರಟೆವು. ಬೆಂಚು ಸಿಕ್ಕಿತು. ಅಕ್ಕ ಕೂತರು. ನಾನು ನಿಂತೇ ಇದ್ದೆ.

“ನಾ ಅಡಿಕಿ ಕೇಳಿದಾಗ ನಿನಗ ತಿಳೀಲಿಲ್ಲೇನ?” ಅಂದರು.

ಇಲ್ಲ ಅನ್ನಬಹುದಿತ್ತು, ತಪ್ಪನ್ನು ಏರಿನ ಮೇಲೆ ಹಾಕಬಹುದಿತ್ತು. “ತಿಳೀತ್ರಿ,” ಅಂದೆ.

ಬೈಯಲಿ ಎಂದು ಕಾದೆ. ಬೈದಿದ್ದರೆ ಹಗುರಾಗುತ್ತಿದ್ದೆ. ಅಕ್ಕ ಹೊಳೆಯ ಕಡೆ ತಿರುಗಿದರು.

“ನನಗೂ ತಿಳೀತಿತ್ತು,” ಅಂದರು. “ನಿನ್ನ ಮಗಳು ಹುಟ್ಟಿದ ವರ್ಷ ನೀ ಮೂರ ಸಲ ಕೇಳಿದಿ. ನಾ ನಿಲ್ಲಲಿಲ್ಲ. ನಿಂತಿದ್ನೆಂದ್ರ ಮತ್ತ ನನಗ ಏಳ್ಲಾಕ ಆಗ್ತಿದ್ದಿಲ್ಲ. ನಡುವು ಅಷ್ಟ ನೋಯ್ತಿತ್ತು. ನಿಮಗೇನ, ಮುಂದಿನಾಕಿನ್ನ ಕೇಳ್ತೀರಿ. ಮುಂದಿನಾಕಿ ಯಾರನ್ನ ಕೇಳ್ಬೇಕು?”

ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಅಕ್ಕನ ಮೇಲಲ್ಲ, ನನ್ನ ಮೇಲೂ ಅಲ್ಲ, ಆ ಮೂವತ್ತು ವರ್ಷದ ಮೇಲೆ. ಒಂದೇ ಒಲೆಯ ಮುಂದೆ ಇಬ್ಬರೂ ಸೋತು ಕೂತಿದ್ದೆವು. ಒಬ್ಬರಿಗೊಬ್ಬರು ಹೇಳಿಕೊಳ್ಳಲಿಲ್ಲ. ಅಕ್ಕನಿಗೆ ದಣಿವೇ ಆಗುವುದಿಲ್ಲ ಎಂದು ನಾನು ಉರಿದುಕೊಂಡೆ, ನಾನು ಮೈಗಳ್ಳಿ ಎಂದು ಅವರು ತಿಳಿದಿದ್ದರೋ ಏನೋ.

ಕೊನೆಯ ದಿನ ಬೆಳಿಗ್ಗೆ ಅಕ್ಕ ಅದೇ ಬೆಂಚಿನ ಮೇಲೆ ಕೂತಿದ್ದರು, ನಾನು ಪಕ್ಕದಲ್ಲಿ ನಿಂತಿದ್ದೆ, ಹುಡುಗಿ ನಮ್ಮನ್ನು ಹುಡುಕಿಕೊಂಡು ಬಂದಳು. ಇನ್ನೊಂದು ತಂಡ ಹಿಮಕ್ಕೆ ಹೊರಟಿತ್ತು. ನನ್ನ ಬೆರಳಿಗೆ ಯಂತ್ರ ಹಾಕಿ ನೋಡಿ, ಚಲೋ ಇದೆ, ನೀವು ಖಂಡಿತ ಮುಟ್ಟುತ್ತೀರಿ ಎಂದು ಕೆಂಪು ಪಟ್ಟಿ ಮುಂದೆ ಹಿಡಿದಳು.

“ಹೋಗ್ ಬಾ,” ಅಂದರು ಅಕ್ಕ. “ನನ್ನ ಹೆಸರಿಲೆ ಒಮ್ಮಿ ಮುಟ್ಟಿ ಬಾ. ಅಷ್ಟ ಸಾಕ ನನಗ.”

ಅಕ್ಕ ಬೇಡಿದ್ದು ಅದೊಂದೇ. ಅದನ್ನು ಕೆಡಿಸಿದವಳು ನಾನು, ಅರ್ಧವಾದರೂ ತೀರಿಸಬಹುದಿತ್ತು. ಮೆಲ್ಲಗೆ ಹೋದರೆ ತಲುಪುತ್ತಿದ್ದೆನೇನೋ. ಆದರೆ ಹೋದರೆ ಮತ್ತೆ ಅವರನ್ನು ಹಿಂದೆ ಬಿಟ್ಟು ಹೋದಂತೆ. ಇಲ್ಲ, ಇದೂ ಪೂರ್ತಿ ಖರೆಯಲ್ಲ. ಖರೆ ಎಂದರೆ ನನ್ನಲ್ಲಿ ಇನ್ನೊಂದು ಹೆಜ್ಜೆಗೂ ಮನಸ್ಸಿರಲಿಲ್ಲ.

“ನನಗ ಆಗೂದಿಲ್ರೀ ಅಕ್ಕಾ,” ಅಂದೆ. “ನನಗ ದಣಿವಾಗೈತಿ. ಇವತ್ತಿಂದಲ್ಲ, ಭಾಳ ವರ್ಷದ್ದು.”

ಹುಡುಗಿಗೆ ಹಿಂದಿಯಲ್ಲಿ ಅದನ್ನೇ ಹೇಳಿದೆ. ಅವಳು ತಲೆಯಾಡಿಸಿ ಪಟ್ಟಿಯನ್ನು ಜೇಬಿಗೆ ಹಾಕಿಕೊಂಡು ಹೋದಳು. ಅವಳ ಪಾಲಿಗೆ ಅದು ದಿನಾ ಕೇಳುವ ಮಾತು.

ಅಕ್ಕ ನನ್ನ ಮುಖವನ್ನೇ ನೋಡುತ್ತಿದ್ದರು. ಆಮೇಲೆ ಬೆಂಚಿನ ಒಂದು ಬದಿಗೆ ಸರಿದರು.

“ಕುಂದ್ರು,” ಅಂದರು.