ಅಕ್ಕನ ಬರ್ಗರಿಗೆ ಅಂಟಿಸಿದ ಕೆಂಪು ಚೀಟಿ

ನಾನು ಬರ್ಗರನ್ನು ವರ್ನಿಯರ್ ಹಿಡಿದು ಅಳೆದವನು. ಹೇಳಿಕೊಳ್ಳಲು ಈಗ ನಾಚಿಕೆಯಾಗುತ್ತದೆ, ಆಗ ಆಗುತ್ತಿರಲಿಲ್ಲ. ಅರವತ್ತೆರಡು ಮಿಲಿಮೀಟರ್ ಎತ್ತರ ಬಂತು. ಸಾಲದು ಎಂದು ಅಕ್ಕನ ಮುಖ ನೋಡಿಕೊಂಡೇ ಹೇಳಿದೆ.

ಪೀಣ್ಯದ ಒಂದು ಶೆಡ್ಡಿನಲ್ಲಿ ನಾನು ಇನ್‌ಸ್ಪೆಕ್ಟರ್. ಪೊಲೀಸಿನವನಲ್ಲ, ಲೇತಿನಲ್ಲಿ ಮಾಡಿದ ಬುಷ್ಷು ಎಂಬ ಲೋಹದ ಬಳೆಗಳನ್ನು ಅಳೆದು ನೋಡುವವನು. ಗತ್ತು ಮಾತ್ರ ಹೆಚ್ಚುಕಮ್ಮಿ ಪೊಲೀಸಿನವರಷ್ಟೇ ಇತ್ತು. ನಮ್ಮಲ್ಲಿ ಒಂದು ಪದ್ಧತಿ. ಬೆಳಿಗ್ಗೆ ಮೆಷಿನ್ ಸೆಟ್ ಮಾಡಿದ ಆಪರೇಟರ್ ಮೊದಲು ಒಂದೇ ಒಂದು ಪೀಸ್ ತೆಗೆದು, ಒರೆಸಿ, ಡ್ರಾಯಿಂಗ್ ಸಮೇತ ನನ್ನ ಟೇಬಲ್ಲಿಗೆ ತಂದಿಡಬೇಕು. ಡ್ರಾಯಿಂಗಿನಲ್ಲಿರುವ ಅಳತೆಗೆ ಅದು ಸರಿಹೋದರೆ ನಾನು ಸೈನ್ ಹಾಕುತ್ತೇನೆ, ಮೆಷಿನ್ ಓಡುತ್ತದೆ. ಇಲ್ಲದಿದ್ದರೆ ಕೆಂಪು ಚೀಟಿ ಅಂಟಿಸುತ್ತೇನೆ. ನನಗಿಂತ ಇಪ್ಪತ್ತು ವರ್ಷ ದೊಡ್ಡವರೆಲ್ಲ ಕೈಕಟ್ಟಿಕೊಂಡು ನನ್ನ ಪೆನ್ನನ್ನೇ ನೋಡುತ್ತ ನಿಲ್ಲುತ್ತಿದ್ದರು. ಇಪ್ಪತ್ತಾರನೇ ವಯಸ್ಸಿಗೆ ಇಷ್ಟು ಸಿಕ್ಕರೆ ಯಾರ ತಲೆ ತಾನೇ ತಿರುಗುವುದಿಲ್ಲ?

ತುಮಕೂರು ರಸ್ತೆಯಲ್ಲಿ ಮೆಟ್ರೋ ಕಂಬಗಳು ಏಳುತ್ತಿದ್ದ ದಿನಗಳು ಅವು. ಬಾಗಲಗುಂಟೆಯ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ನಾನು ಮತ್ತು ಅಕ್ಕ. ಅಕ್ಕ ಗಾರ್ಮೆಂಟ್ಸಿನಲ್ಲಿ ಶರ್ಟಿಗೆ ಕಾಲರ್ ಹೊಲಿಯುತ್ತಿದ್ದಳು. ನನ್ನ ಡಿಪ್ಲೊಮಾ ಮುಗಿದದ್ದೇ ಆ ಕಾಲರುಗಳಿಂದ. ಹನ್ನೊಂದು ವರ್ಷ ಹೊಲಿದ ಮೇಲೆ, ಯುಗಾದಿ ಕಳೆದ ಒಂದು ಭಾನುವಾರ, "ಸಾಕಾಯ್ತು ಕಣೋ. ದಸರಾ ಆದ್ಮೇಲೆ ಕೆಲ್ಸ ಬಿಟ್ಬಿಡ್ತೀನಿ. ಸಾಯಂಕಾಲ ಮನೆ ಮುಂದೆ ಒಂದು ಗಾಡಿ ಹಾಕ್ತೀನಿ" ಎಂದಳು. ನಮ್ಮ ಬೀದಿಯಲ್ಲಿ ಪಾನಿಪೂರಿ ಇತ್ತು, ಗೋಬಿ ಮಂಚೂರಿ ಎರಡು ಕಡೆ ಇತ್ತು. ಬರ್ಗರ್ ಇರಲಿಲ್ಲ. ಆದ್ದರಿಂದ ಬರ್ಗರ್ ಎಂದು ತೀರ್ಮಾನವಾಯಿತು. ಅಕ್ಕ ಅದನ್ನು ಒಮ್ಮೆಯೂ ತಿಂದಿರಲಿಲ್ಲ. ಅದೊಂದು ಅಡ್ಡಿ ಎಂದು ನಮ್ಮಿಬ್ಬರಿಗೂ ಅನ್ನಿಸಲಿಲ್ಲ, ಏಕೆಂದರೆ ನಾನಿದ್ದೆನಲ್ಲ.

ನಮ್ಮ ಬುಷ್ಷು ಕೊಂಡ ಕಂಪನಿಗಳು ತಕರಾರು ತೆಗೆದಾಗಲೆಲ್ಲ ಬೈಸಿಕೊಂಡು ಬರಲು ನನ್ನನ್ನೇ ಕಳಿಸುತ್ತಿದ್ದರು. ಹೋದ ಊರಲ್ಲೆಲ್ಲ ಬರ್ಗರ್ ತಿನ್ನುವುದು ನನ್ನ ಚಟ. ಹೊಸೂರಿನದು ಸಾಸಿನಲ್ಲಿ ಮುಳುಗಿ ಎದ್ದಿತ್ತು. ನನ್ನ ಅಂಗಿ ನೋಡಿದವರೊಬ್ಬರು ಎಲ್ಲಿ ಪೆಟ್ಟಾಯಿತು ಎಂದು ಕೇಳಿದರು. ಕೊಯಮತ್ತೂರಿನಲ್ಲಿ ಬರ್ಗರ್ ಜೊತೆ ಕಾಯಿಚಟ್ನಿ ತಂದಿಟ್ಟರು. ಛೀ ಅಂದುಕೊಂಡೇ ಎರಡು ಸಲ ಹಾಕಿಸಿಕೊಂಡೆ. ಎಲೆಕ್ಟ್ರಾನಿಕ್ ಸಿಟಿಯ ಕ್ಯಾಂಟೀನೊಂದರಲ್ಲಿ ಕೊರಳಿಗೆ ಐಡಿ ಕಾರ್ಡ್ ನೇತುಹಾಕಿಕೊಂಡವರು ಅದನ್ನು ಚಾಕುವಿನಲ್ಲಿ ಕೊಯ್ದು ತಿನ್ನುತ್ತಿದ್ದರು, ಆಪರೇಷನ್ ನೋಡಿದ ಹಾಗಾಯಿತು. ವೈಟ್‌ಫೀಲ್ಡಿನ ಮಾಲಿನಲ್ಲಿ ಒಂದು ಡಬ್ಬಿ, ಅದರೊಳಗೆ ಕಾಗದ, ಕಾಗದದೊಳಗೆ ಇನ್ನೊಂದು ಕಾಗದ. ಬಿಚ್ಚಿ ಬಿಚ್ಚಿ ಕೊನೆಗೆ ಸಿಕ್ಕಿದ್ದು ಬೇಕರಿಯ ಬೆಣ್ಣೆ ಬಿಸ್ಕತ್ತಿನಷ್ಟಗಲ. ಇವೆಲ್ಲ ಪುಣೆಯ ಬರ್ಗರಿನ ಮುಂದೆ ಏನೂ ಅಲ್ಲ ಎಂದು ಅಕ್ಕನಿಗೆ ಹೇಳುತ್ತಿದ್ದೆ.

ಪುಣೆಯದನ್ನು ವರ್ಣಿಸುವಾಗ ಎದ್ದೇ ನಿಲ್ಲುತ್ತಿದ್ದೆ. "ಲೋಟದಷ್ಟು ಎತ್ತರ ಅಕ್ಕ. ಬನ್ನು ಅಂದ್ರೆ ಹತ್ತಿ. ಒಳಗಡೆ ವಡೆ ಥರ ಒಂದಿರುತ್ತೆ, ಪ್ಯಾಟಿ ಅಂತಾರೆ. ಕಚ್ಚಿದ್ರೆ ಹಪ್ಪಳದ ಥರ ಶಬ್ದ, ಆಮೇಲೆ ಬಾಯಲ್ಲೇ ಕರಗೋಗುತ್ತೆ. ಒಂದು ಪದರಾನೂ ಜಾರಲ್ಲ." ಅಕ್ಕ ಕೆಲಸ ನಿಲ್ಲಿಸಿ ಕೇಳುತ್ತಿದ್ದಳು. ಓವರ್‌ಟೈಮ್ ಇಲ್ಲದ ಭಾನುವಾರ ಬಂತೆಂದರೆ ಮಾಡುತ್ತಿದ್ದಳು.

ಮೊದಲ ಸಲ ಬೇಕರಿ ಬನ್ನಿನೊಳಗೆ ಮಸಾಲೆ ವಡೆ ಇಟ್ಟುಕೊಟ್ಟಳು. ಬನ್ನಿನ ತುಂಬ ಕೆಂಪು ಹಸಿರು ಟೂಟಿಫ್ರೂಟಿ. ನಾನು ಶೆಡ್ಡಿನಿಂದ ಎತ್ತಿಕೊಂಡು ಬಂದಿದ್ದ ಕೆಂಪು ಚೀಟಿಯ ಮೇಲೆ 'ಬನ್ ಸಿಹಿ' ಎಂದು ಬರೆದು ತಟ್ಟೆಯ ಅಂಚಿಗೆ ಅಂಟಿಸಿದೆ. ತಮಾಷೆಗೇ. ಅಕ್ಕನೂ ನಕ್ಕಳು. ಎರಡನೇ ಸಲ ಆಲೂಗಡ್ಡೆ ಪಲ್ಯವನ್ನು ತಟ್ಟಿ ರವೆಯಲ್ಲಿ ಹೊರಳಿಸಿ ಕರಿದಳು: 'ಶಬ್ದ ಇಲ್ಲ'. ಮೂರನೆಯದರಲ್ಲಿ ಶಬ್ದ ಬಂತು: 'ಕರಗಲಿಲ್ಲ'. ನಾಲ್ಕನೆಯದಕ್ಕೆ ವರ್ನಿಯರ್ ಬಂತು. ಐದನೆಯದರಲ್ಲಿ ಪದರ ಜಾರಿತು ಎಂದಾಗ ಅಕ್ಕ ಹೊಸ ಪೊರಕೆಯಿಂದ ಒಂದು ಕಡ್ಡಿ ಕಿತ್ತು, ತೊಳೆದು, ನೆತ್ತಿಯಿಂದ ಬುಡಕ್ಕೆ ಚುಚ್ಚಿ, "ಈಗ ಜಾರ್ಲಿ ನೋಡೋಣ" ಎಂದಳು. ಅದಕ್ಕೂ ಚೀಟಿ ಬಿತ್ತು.

ರಿಜೆಕ್ಟ್ ಆದದ್ದನ್ನೆಲ್ಲ ತಿಂದು ಮುಗಿಸುತ್ತಿದ್ದವನು ಕೆಳಗಿನ ಕೋಣೆಯ ಬಾಡಿಗೆದಾರ, ರಾಯಚೂರು ಕಡೆಯ ಗಾರೆ ಕೆಲಸದವನು. ಪ್ರತಿಸಲವೂ "ಭಾಳ ಛಲೋ ಐತ್ರಿ ಅಕ್ಕಾರ. ಇನ್ನೊಂದು ಐತೇನ್ರಿ?" ಎನ್ನುತ್ತಿದ್ದ. ಸಿಮೆಂಟ್ ಕಲಸುವವನ ನಾಲಿಗೆಗೆ ಏನು ಗೊತ್ತು ಎಂದು ನಾನು ಅವನ ಮಾತನ್ನು ಕಿವಿಗೇ ಹಾಕಿಕೊಳ್ಳಲಿಲ್ಲ.

ಒಂಬತ್ತನೇ ಚೀಟಿ ಅಂಟಿಸಿದಾಗ ದಸರಾಕ್ಕೆ ಮೂರು ವಾರವಿತ್ತು. ಅಕ್ಕ ನಗಲಿಲ್ಲ. ಬಾಣಲೆ ತೊಳೆದು ಅಟ್ಟಕ್ಕೆ ಎತ್ತಿಟ್ಟಳು. "ನನ್ ಕೈಗೆ ಅದು ಹತ್ತಲ್ಲ ಬಿಡೋ. ದಸರಾಕ್ಕೆ ಕೆಲ್ಸ ಬಿಡ್ತೀನಿ ಅಂದಿದ್ದೆ, ಇನ್ನು ಬಿಡಲ್ಲ ಅಂತ ಸೂಪರ್‌ವೈಸರಿಗೆ ಹೇಳ್ಬಿಡ್ತೀನಿ" ಎಂದಳು. ನನಗೆ ಕಸಿವಿಸಿಯಾಯಿತು. ಆದರೂ ನನ್ನ ಜಂಬ ಎಂಥದ್ದು ನೋಡಿ: "ಮುಂದಿನ ವಾರ ಪುಣೆಗೆ ಹೋಗ್ಬೇಕು, ನೀನೂ ಬಾ. ಒಂದ್ಸಲ ತಿಂದ್ರೆ ನಿಂಗೇ ಗೊತ್ತಾಗುತ್ತೆ" ಎಂದೆ. ತುಮಕೂರು ದಾಟಿ ಹೋಗದಿದ್ದ ಅಕ್ಕ ಹೊರಟಳು. ಸೂಪರ್‌ವೈಸರಿಗೆ ಹೇಳುವ ಮಾತು ಬಂದ ಮೇಲೆ ಎಂದಾಯಿತು.

ಪುಣೆಯಲ್ಲಿ ಬೈಸಿಕೊಳ್ಳುವ ಕೆಲಸ ಮುಗಿಸಿ, ಹೊಟ್ಟೆ ತುಂಬ ಊಟ ಮಾಡಿ, ನಾಲ್ಕು ಗಂಟೆಗೆ ಅಕ್ಕನನ್ನು ಆ ಅಂಗಡಿಗೆ ಕರೆದುಕೊಂಡು ಹೋದೆ. ಅದೇ ಗಾಜಿನ ಕಪಾಟು, ಗಲ್ಲಾದ ಮೇಲೆ ಅದೇ ಮನುಷ್ಯ. ಬರ್ಗರ್ ಬಂತು. ಲೋಟದಷ್ಟಲ್ಲ, ಲೋಟದ ಮುಚ್ಚಳದಷ್ಟು. ಬನ್ನಿನ ಅಂಚು ಒಣಗಿ ಬಿರುಕು ಬಿಟ್ಟಿತ್ತು. ಅಕ್ಕ ಅದನ್ನು ಬಿಡಿಸಿ, ಕಾಲರ್ ಮಗುಚಿ ನೋಡುವ ಹಾಗೆ ಒಳಗೂ ಹೊರಗೂ ತಿರುಗಿಸಿ ನೋಡಿದಳು. ಕಚ್ಚಿದಳು. ನಾನು ಶಬ್ದಕ್ಕೆ ಕಿವಿಗೊಟ್ಟೆ. ಬರಲಿಲ್ಲ.

"ಇದೇನಾ?"

"ಇದೇ."

"ಅಂಗಡಿ ಇದೇ ತಾನೇ?"

"ಇದೇ ಅಕ್ಕ."

ನಾನೂ ಕಚ್ಚಿದೆ. ತಣ್ಣಗಿನ ಹಿಟ್ಟು. ಅಕ್ಕ ಅನ್ನ ಬಿಸಾಡುವವಳಲ್ಲ, ಪೂರ್ತಿ ತಿಂದಳು, ಕೈ ಒರೆಸಿಕೊಂಡಳು. ಆಮೇಲೆ ಮೆಲ್ಲಗೆ ಕೇಳಿದಳು: "ಆವತ್ತು ನೀನು ಊಟ ಮಾಡಿರ್ಲಿಲ್ಲ, ಅಲ್ವೇನೋ?"

ಮಾಡಿರಲಿಲ್ಲ. ಹೋದ ವರ್ಷ ಅದೇ ಕಂಪನಿಯಲ್ಲಿ ಬೆಳಿಗ್ಗೆಯಿಂದ ನಿಲ್ಲಿಸಿ ಬೈದಿದ್ದರು. ನಾಲ್ಕು ಗಂಟೆಗೆ ಹೊರಬಿದ್ದವನಿಗೆ ಕಲ್ಲು ಕೊಟ್ಟಿದ್ದರೂ ಕರಗುತ್ತಿತ್ತು. ಶೆಡ್ಡಿನಲ್ಲಿ ಅಳತೆಯ ಸಲಕರಣೆಗಳನ್ನೆಲ್ಲ ವರ್ಷಕ್ಕೊಮ್ಮೆ ಸರಿಯಿದೆಯೇ ಎಂದು ಪರೀಕ್ಷೆಗೆ ಕಳಿಸುತ್ತೇವೆ. ನನ್ನ ನಾಲಿಗೆಯನ್ನು ಯಾರೂ ಕಳಿಸಿರಲಿಲ್ಲ. ತಪ್ಪು ಡ್ರಾಯಿಂಗ್ ಕೊಟ್ಟು ಆರು ತಿಂಗಳು ಅಕ್ಕನ ಕೆಲಸವನ್ನು ರಿಜೆಕ್ಟ್ ಮಾಡಿದ್ದೆ. ಇದನ್ನೇ ಹೇಳಿ ನಗಿಸೋಣ ಎಂದು ಬಾಯಿ ತೆಗೆದೆ. ಅಷ್ಟರಲ್ಲಿ ಅಕ್ಕ ಹೇಳಿದಳು.

"ನಮ್ ಲೈನಲ್ಲಿ ಹೊಲಿಗೆ ಒಂಚೂರು ಸೊಟ್ಟ ಆದ್ರೂ ಚೆಕ್ಕಿಂಗಿನವ್ಳು ಕೆಂಪು ಸ್ಟಿಕ್ಕರ್ ಅಂಟಿಸ್ತಾಳೆ. ಎಲ್ಲಾರ್ ಮುಂದೇನೇ ವಾಪಸ್ ಎಸೀತಾಳೆ. ಹನ್ನೊಂದು ವರ್ಷ ಅದನ್ನ ಕೀಳೋದೇ ಆಯ್ತು ನಂಗೆ. ಅದು ತಪ್ಲಿ ಅಂತಾನೇ ಗಾಡಿ ಹಾಕ್ತೀನಿ ಅಂದಿದ್ದು. ನೀನು ಮನೇಗೂ ತಂದೆ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ, ಬೈಸಿಕೊಳ್ಳುವುದು ನನ್ನ ಕೆಲಸವೇ. ಅವಳು ಸುಮ್ಮನೆ ಹೇಳಿದಳು. ನನಗೆ ಅಳು ಬಂತು. ಪರ ಊರಿನ ಅಂಗಡಿಯಲ್ಲಿ ಬರ್ಗರ್ ಹಿಡಿದುಕೊಂಡು ಅಳುವ ಗಂಡಸನ್ನು ನೋಡಿ ಗಲ್ಲಾದವನು ಕೇಳದೆಯೇ ಇನ್ನೊಂದು ಪೊಟ್ಟಣ ಸಾಸ್ ತಂದುಕೊಟ್ಟ.

ದಸರಾ ಮುಗಿಯಿತು. ಅಕ್ಕ ಕೆಲಸ ಬಿಟ್ಟಳು. ಗಾಡಿ ಹಾಕಿದ ಸಂಜೆ ನಾನು ಶೆಡ್ಡಿನಿಂದ ಬೇಗ ಬಂದು, ಪೆನ್ನು ಜೇಬಿನಲ್ಲಿಟ್ಟುಕೊಂಡು ಪಕ್ಕದಲ್ಲಿ ನಿಂತೆ. ಮೊದಲ ಪೀಸ್ ನನಗೇ ಕೊಡುತ್ತಾಳೆ ಎಂಬ ಆಸೆ ಇನ್ನೂ ಇತ್ತು. ಅಕ್ಕ ಮೊದಲ ಬರ್ಗರನ್ನು ಕೆಳಗಿನ ಕೋಣೆಯವನ ಕೈಗಿಟ್ಟಳು. "ನೋಡಿ ಹೇಳಪ್ಪ, ಒಲೆ ಜೋರು ಮಾಡ್ಲಾ?"

ಅವನು ನಿಧಾನವಾಗಿ ಅಗಿದ. "ಮಾಡ್ರಿ ಅಕ್ಕಾರ. ಭಾಳ ಛಲೋ ಐತಿ."

ಅಕ್ಕ ಒಲೆ ಜೋರು ಮಾಡಿದಳು. ಜನ ಸೇರಿದರು, ನೂಕಾಟವಾಗದಿರಲಿ ಎಂದು ಅಕ್ಕ ನಂಬರ್ ಬರೆದ ಚೀಟಿ ಹಂಚತೊಡಗಿದಳು. ನಾನೂ ಸಾಲಿನಲ್ಲಿ ನಿಂತು ಕೈ ಚಾಚಿದೆ. ಐದನೇ ನಂಬರ್ ಸಿಕ್ಕಿತು. ಚೀಟಿ ಮಗುಚಿದೆ. ಹಿಂದೆ ಕೆಂಪು, ಅದರ ಮೇಲೆ ನನ್ನದೇ ಕೈಬರಹದಲ್ಲಿ 'ಬನ್ ಸಿಹಿ'. ಒಂಬತ್ತನ್ನೂ ತಟ್ಟೆಗಳಿಂದ ಕಿತ್ತು ಎತ್ತಿಟ್ಟಿದ್ದಳು.

ನನ್ನ ಸರದಿ ಬಂದಾಗ ಚೀಟಿ ಕೊಟ್ಟು ಬರ್ಗರ್ ತೆಗೆದುಕೊಂಡೆ. ಬನ್ನು ಸಿಹಿಯಾಗಿಯೇ ಇತ್ತು, ಟೂಟಿಫ್ರೂಟಿಯೂ ಇತ್ತು. ನಿಂತಲ್ಲೇ ತಿಂದು ಮುಗಿಸಿ, "ಅಕ್ಕ, ಇನ್ನೊಂದು ಕೊಡು" ಎಂದೆ.

ಅಕ್ಕ ತಲೆ ಎತ್ತಲಿಲ್ಲ. ಅದೇ ಚೀಟಿಯನ್ನು ನನ್ನ ಕೈಗೆ ವಾಪಸ್ ಕೊಟ್ಟಳು. "ಹಿಂದೆ ಹೋಗಿ ನಿಂತ್ಕೋ."