ನಾಯ್ಸ್ ಅಲ್ಲ, ಮ್ಯೂಸಿಕ್

ಬಸವೇಶ್ವರನಗರದ ಒಂದು ಕ್ಲಿನಿಕ್ಕಿನಲ್ಲಿ ಹಸುಗೂಸುಗಳ ಕಿವಿ ಪರೀಕ್ಷೆ ಮಾಡುವುದು ನನ್ನ ಕೆಲಸ. ಅವತ್ತು ಗದಗದ ಕಡೆಯ ತಾಯಿಯೊಬ್ಬಳು ಮಗುವನ್ನು ಎರಡನೇ ಸಲ ಕರೆತಂದಿದ್ದಳು. ಮೊದಲ ಪರೀಕ್ಷೆಯಲ್ಲಿ ಮಗುವಿಗೆ ಕೇಳಿಸುತ್ತದೋ ಇಲ್ಲವೋ ಗೊತ್ತಾಗಿರಲಿಲ್ಲ.

ಕೆಳಗೆ ಮೊಬೈಲ್ ಅಂಗಡಿಯ ಓಪನಿಂಗ್. ಆಳೆತ್ತರದ ಸ್ಪೀಕರಿನಲ್ಲಿ ಹಾಡು ಕಿರುಚುತ್ತಿತ್ತು. ಮಗುವಿನ ಕಿವಿಗೆ ನಳಿಕೆ ಇಟ್ಟಾಗಲೆಲ್ಲ ಮಷೀನು ‘ನಾಯ್ಸ್’ ಎಂದು ತೋರಿಸಿ ನಿಂತುಬಿಡುತ್ತಿತ್ತು.

“ಇಷ್ಟು ಗದ್ದಲದಾಗೂ ಕೂಸು ಎಚ್ಚರ ಆಗವಲ್ದಲ್ರೀ ಮೇಡಂ,” ಎಂದಳು ತಾಯಿ. ಅವಳ ಮುಖ ನೋಡಲಾಗಲಿಲ್ಲ.

ಇಳಿದು ಹೋಗಿ, ಐದು ನಿಮಿಷ ನಿಲ್ಲಿಸಿ ಎಂದು ಕೇಳಿಕೊಂಡೆ.

“ನಾಯ್ಸ್ ಅಲ್ಲ ಮೇಡಂ, ಮ್ಯೂಸಿಕ್. ಇವತ್ತೊಂದಿನ ಅಡ್ಜಸ್ಟ್ ಮಾಡ್ಕೊಳಿ,” ಎಂದು ಮಾಲೀಕ ನಕ್ಕ.

ಸಿಟ್ಟು ನೆತ್ತಿಗೇರಿತು. ಸ್ಪೀಕರಿನ ಎಕ್ಸ್‌ಟೆನ್ಷನ್ ಬಾಕ್ಸನ್ನೇ ಕಿತ್ತು, ಕಂಕುಳಲ್ಲಿಟ್ಟುಕೊಂಡು ಮೆಟ್ಟಿಲು ಹತ್ತಿದೆ. ಅವನು ಕೂಗಾಡುತ್ತಾ ಹಿಂದೆಯೇ ಬಂದ.

“ಈ ಮಗುಗೆ ಕಿವಿ ಕೇಳುತ್ತಾ ಅಂತ ನೋಡ್ತಾ ಇದೀನಿ. ಬಾಯಿ ಮುಚ್ಕೊಂಡು ನಿಂತ್ಕೊಳಿ,” ಎಂದೆ.

ನಿಂತ. ಮಷೀನು ನಿಶ್ಶಬ್ದದಲ್ಲಿ ಕೆಲಸ ಮುಗಿಸಿತು. ಎರಡೂ ಕಿವಿ ಸರಿಯಾಗಿದ್ದವು. ತಾಯಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು.

“ಒಳ್ಳೇದಾಯ್ತು. ಈಗ ಬಾಕ್ಸ್ ಕೊಡ್ತೀರಾ?” ಎಂದ ಮಾಲೀಕ.

ಕೊಟ್ಟೆ, ಸಂಜೆ ಕ್ಲಿನಿಕ್ ಬಾಗಿಲು ಹಾಕುವಾಗ.