ಹಗ್ಗದಲ್ಲಿ ಬೆಳೆದ ಕೆಂಪು ಪಾಚಿ

ನನಗೆ ಮೊಮ್ಮಗಳು ಹುಟ್ಟಿದ್ದಾಳೆ. ನಾನು ಕಲಿತವನಲ್ಲ, ಎರಡನೇ ಕ್ಲಾಸು ಬಿಟ್ಟು ದೋಣಿ ಹತ್ತಿದವನು. ಆದರೂ ಎದೆ ತುಂಬಿ ಬಂದಿದೆ, ಬರೆಯದೆ ಕೈ ಸುಮ್ಮನಿರುವುದಿಲ್ಲ.

ಮಗಳಿಗೆ ಹಿಂದಿನ ಎರಡು ಬಸಿರೂ ಉಳಿದಿರಲಿಲ್ಲ. ಈ ಸಲ ಗಂಜಿ, ಬೊಂಡದ ಎಳನೀರು, ಏನು ಕೊಟ್ಟರೂ ವಾಂತಿ. ಹೊಟ್ಟೆಯಲ್ಲಿ ನಿಲ್ಲುತ್ತಿದ್ದುದು ಒಂದೇ: ಚೈನಾ ಗ್ರಾಸನ್ನು ಹಾಲು ಬೆಲ್ಲ ಹಾಕಿ ಕಾಸಿ, ತಣಿಸಿ ಗಟ್ಟಿ ಮಾಡಿ, ರಂಜಾನ್ ನೋಂಬಿನ ತಿಂಗಳಲ್ಲಿ ನಾವು ಮಾಡುವ ತಿಂಡಿ. ಯುದ್ಧ ಶುರುವಾಗಿ ಹೊರದೇಶದ ಹಡಗು ನಿಂತ ಮೇಲೆ ಬಂದರಿನ ಅಂಗಡಿಗಳಲ್ಲಿ ಅದು ಮುಗಿದೇ ಹೋಗಿತ್ತು. ಅಳಿವೆಯ ಕಲ್ಲುಗಳಲ್ಲಿರುವ ಕೆಂಪು ಪಾಚಿಯನ್ನು ತೊಳೆದು, ಒಣಗಿಸಿ, ಕುದಿಸಿದರೆ ಅದೂ ಹಾಗೆಯೇ ಗಟ್ಟಿಯಾಗುತ್ತದೆ. ಆದರೆ ಸಿಕ್ಕಿದ್ದು ಒಂದು ಹಿಡಿ. ಬೆಳೆಸಿಯೇ ನೋಡುವ ಎಂದುಕೊಂಡೆ.

ಮಗಳೂ ಅವಳ ತಾಯಿಯೂ ಪಾಚಿಯ ತುಂಡುಗಳನ್ನು ನಾರಿನ ಹಗ್ಗಕ್ಕೆ ಮಲ್ಲಿಗೆ ಕಟ್ಟಿದ ಹಾಗೆ ಒತ್ತೊತ್ತಾಗಿ ಕಟ್ಟಿಕೊಟ್ಟರು. ಅವರ ಕೈಗೆ ಬೇರೆ ಕಟ್ಟು ಗೊತ್ತಿಲ್ಲ. ಕಡಲಿನ ಉಪ್ಪುನೀರು ಏರಿಬರುವ ಹೊಳೆಯಲ್ಲಿ ಗೂಟ ನೆಟ್ಟು ಬಿಗಿದೆ. ವಾರ ಕಳೆದು ನೋಡಿದರೆ ಒಳಗಿನದೆಲ್ಲ ಕೊಳೆತು ನಾರುತ್ತಿತ್ತು. ನೀರು ಹರಿದಾಡುವ ಹೊರಮೈಯಲ್ಲಿ ಮಾತ್ರ ಚಿಗುರಿತ್ತು.

"ಎಂತ ಬಾಪ, ನಾವು ಕಟ್ಟಿದ್ದು ಸರಿಯಾಗಿಲ್ವಾ?" ಎಂದಳು ಮಗಳು.

"ಮದುಮಗಳ ಜಡೆಗಾದ್ರೆ ಸರಿ ಉಂಟು. ಹೊಳೆಗೆ ಸ್ವಲ್ಪ ಬಿಟ್ಟು ಬಿಟ್ಟು ಕಟ್ಟು."

ಬಹಳ ದಿನದ ಮೇಲೆ ನಕ್ಕಳು.

ಗೇಣಿಗೊಂದು ತುಂಡು ಕಟ್ಟಿದ ಮೇಲೆ ಬೆಳೆ ಹಿಡಿಯಿತು. ನೀರಿಳಿದ ಹೊತ್ತಿನಲ್ಲಿ ಬಿಸಿಲು ತಾಗಿ ಬೆಳ್ಳಗಾದಾಗ ಹಗ್ಗವನ್ನು ತಗ್ಗಿಸಿದೆ. ಕೆಸರು ಕೂತಾಗ ದೋಣಿಯಿಂದ ಬಗ್ಗಿ ಅಲ್ಲಾಡಿಸಿದೆ. ದಿನವೂ ಒಂದು ಬಟ್ಟಲು ತಿಂದು ಮಗಳ ಮುಖಕ್ಕೆ ಕಳೆ ಬಂತು.

ದಿನ ತುಂಬುವ ಮೊದಲೇ ಘಟ್ಟದಲ್ಲಿ ಮಳೆ ಹೊಡೆಯಿತು. ಹೊಳೆ ಕದಡಿ ಬಂತು. ಸಿಹಿನೀರು ಕುಡಿದ ಪಾಚಿ ಮುಟ್ಟಿದರೆ ಮುರಿಯುತ್ತಿತ್ತು. ನಾನು ಗೂಟ ಹಿಡಿದು ನಿಂತೇ ಇದ್ದೆ. ದಡದಿಂದ ಹೆಂಡತಿ ಗದರಿದಳು: "ಉಪ್ಪು ಇರುವ ಕಡೆಗೆ ಕೊಂಡುಹೋಗಿ ಮಾರಾಯ್ರೆ, ನೋಡ್ತಾ ನಿಂತ್ರೆ ಅದು ಬದುಕ್ತದಾ?"

ಹಗ್ಗ ಬಿಚ್ಚಿ, ಒದ್ದೆ ಗೋಣಿ ಹೊದಿಸಿ, ಅಳಿವೆಯ ಬಾಯಿಗೆ ಒಯ್ದು ಕಟ್ಟಿದೆ. ಅರ್ಧವನ್ನು ಅಲೆ ತಿಂದಿತು. ಉಳಿದರ್ಧ ಹೆರಿಗೆಯವರೆಗೆ ಸಾಕಾಯಿತು.

ಮಗುವನ್ನು ನನ್ನ ಕೈಗಿಟ್ಟರು. ಹುಟ್ಟಿದ ಮಗುವಿನ ಕಿವಿಯಲ್ಲಿ ಹೇಳುವ ಪ್ರಾರ್ಥನೆಯ ಕರೆ, ಬಾಂಗ್, ಶುರು ಮಾಡಿದೆ; ಅವಸರದಲ್ಲಿ ಸಾಲು ತಪ್ಪಿ ಮತ್ತೆ ಮೊದಲಿಂದ ಹಿಡಿದೆ. ಮಲಗಿದಲ್ಲಿಂದಲೇ ಮಗಳು ಹೇಳಿದಳು: "ನಿಧಾನ ಹೇಳಿ ಬಾಪ. ಇವಳು ಎಲ್ಲಿಗೂ ಹೋಗುವುದಿಲ್ಲ."